ಚಾರ್ಜರ್ ಹಾಕಿದ ಕೂಡಲೇ ಕರ್ಸರ್ ಕುಣಿಯುವುದೇಕೆ? ಟಚ್‌ಪ್ಯಾಡ್ ಕಾಟದ ಹಿಂದಿನ ವಿಜ್ಞಾನ

ರಬಕವಿ-ಬನಹಟ್ಟಿಯ ಸೀರೆ ಅಂಗಡಿಯಲ್ಲಿ ಜಿಎಸ್‌ಟಿ ಬಿಲ್ ಹಾಕುವವರಿರಲಿ, ಜಮಖಂಡಿಯಲ್ಲಿ ಕಬ್ಬಿನ ಲೆಕ್ಕ ಬರೆಯುವವರಿರಲಿ, ಮುಧೋಳದ ಕಾಲೇಜು ಉಪನ್ಯಾಸಕರಿರಲಿ, ಬೀಳಗಿಯಲ್ಲಿ ಅರ್ಜಿ ತುಂಬಿಕೊಡುವ ಸೇವಾ ಕೇಂದ್ರದವರಿರಲಿ, ಲ್ಯಾಪ್‌ಟಾಪ್ ಇಟ್ಟುಕೊಂಡವರ ಬಾಯಲ್ಲಿ ಒಂದು ದೂರು ಮಾತ್ರ ಸಾಮಾನ್ಯ: ‘ಕರ್ಸರ್ ಹುಚ್ಚು ಹಿಡದಂಗ ಮಾಡತೈತ್ರಿ!’ ಒತ್ತಿದ ಕಡೆ ಕ್ಲಿಕ್ ಆಗುವುದಿಲ್ಲ, ಒತ್ತದ ಕಡೆ ಆಗುತ್ತದೆ. ಬಾಣದ ಗುರುತು ತಾನಾಗಿಯೇ ಮೂಲೆಗೆ ಓಡುತ್ತದೆ. ಕೆಲವೊಮ್ಮೆ ಎಷ್ಟು ತಿಕ್ಕಿದರೂ ಕದಲುವುದೇ ಇಲ್ಲ.

ಈ ಕಾಟಕ್ಕೆ ಊರಲ್ಲಿ ಸಿಗುವ ಉತ್ತರಗಳು ಮೂರು. ‘ವೈರಸ್ ಬಂದಿದೆ’, ‘ಟಚ್‌ಪ್ಯಾಡ್ ಹೋಗಿದೆ, ಬದಲಿಸಬೇಕು’, ‘ಅದನ್ನ ಬಿಡ್ರಿ, ಒಂದು ಮೌಸ್ ಹಾಕ್ಕೊಳ್ರಿ’. ಮೂರನೆಯದು ತಾತ್ಕಾಲಿಕ ಪರಿಹಾರ. ಮೊದಲ ಎರಡು ಬಹಳ ಸಲ ತಪ್ಪು. ಅಷ್ಟೇ ಅಲ್ಲ, ಕರ್ಸರ್ ಕುಣಿಯುವುದು ಎರಡು ನಿಜವಾದ ಅಪಾಯಗಳ ಮುನ್ಸೂಚನೆಯೂ ಆಗಿರಬಹುದು. ಒಂದು, ನಿಮ್ಮ ಮನೆಯ ಅರ್ಥಿಂಗ್ ಕೆಟ್ಟಿರುವುದು. ಇನ್ನೊಂದು, ಲ್ಯಾಪ್‌ಟಾಪ್ ಒಳಗಿನ ಬ್ಯಾಟರಿ ಊದಿಕೊಂಡಿರುವುದು. ಆದ್ದರಿಂದ ಇದನ್ನು ಬರೀ ಕಿರಿಕಿರಿ ಎಂದು ತಳ್ಳಿಹಾಕುವ ಮೊದಲು ಟಚ್‌ಪ್ಯಾಡ್ ಹೇಗೆ ಕೆಲಸ ಮಾಡುತ್ತದೆ ಎಂದು ನೋಡೋಣ.

ಟಚ್‌ಪ್ಯಾಡ್‌ಗೆ ಬೆರಳು ಹೇಗೆ ಗೊತ್ತಾಗುತ್ತದೆ?

ಟಚ್‌ಪ್ಯಾಡ್ ನಿಮ್ಮ ಬೆರಳಿನ ಒತ್ತಡವನ್ನು ಅಳೆಯುತ್ತದೆ ಎಂದು ಬಹುತೇಕರು ಭಾವಿಸುತ್ತಾರೆ. ಹಾಗಾಗಿಯೇ ಕರ್ಸರ್ ಕದಲದಿದ್ದಾಗ ಇನ್ನಷ್ಟು ಜೋರಾಗಿ ಒತ್ತುತ್ತೇವೆ. ಆದರೆ ಕರ್ಸರ್ ಸರಿಯಲು ಒತ್ತಡದ ಅಗತ್ಯವೇ ಇಲ್ಲ. ಟಚ್‌ಪ್ಯಾಡ್ ಅಳೆಯುವುದು ವಿದ್ಯುತ್ತಿನ ಒಂದು ಗುಣವನ್ನು. ಅದರ ಹೆಸರು ಕೆಪಾಸಿಟೆನ್ಸ್, ಅಂದರೆ ವಿದ್ಯುದಾವೇಶವನ್ನು ಹಿಡಿದಿಟ್ಟುಕೊಳ್ಳುವ ಸಾಮರ್ಥ್ಯ.

ನುಣುಪಾದ ಮೇಲ್ಮೈಯ ಕೆಳಗೆ ತೆಳುವಾದ ತಾಮ್ರದ ಪಟ್ಟಿಗಳು ಉದ್ದಕ್ಕೂ ಅಡ್ಡಕ್ಕೂ ಹರಡಿಕೊಂಡಿರುತ್ತವೆ. ಮಗ್ಗದ ಊರಿನವರಿಗೆ ಇದನ್ನು ವಿವರಿಸುವುದು ಸುಲಭ. ಉದ್ದದ ಪಟ್ಟಿಗಳು ಹಾಸು, ಅಡ್ಡದ ಪಟ್ಟಿಗಳು ಹೊಕ್ಕು. ಹಾಸು-ಹೊಕ್ಕು ಸಂಧಿಸುವ ಪ್ರತಿ ಜಾಗವೂ ಒಂದು ಪುಟ್ಟ ಕೆಪಾಸಿಟರ್. ಒಳಗಿನ ಚಿಪ್ ಈ ಸಂಧಿಗಳನ್ನೆಲ್ಲ ಸೆಕೆಂಡಿಗೆ ಹಲವು ಹತ್ತು ಸಲ ತಪಾಸಣೆ ಮಾಡುತ್ತಿರುತ್ತದೆ. ನಮ್ಮ ದೇಹದಲ್ಲಿ ಉಪ್ಪುನೀರು ತುಂಬಿರುವುದರಿಂದ ಬೆರಳು ವಿದ್ಯುತ್ ವಾಹಕ. ಬೆರಳು ಹತ್ತಿರ ಬಂದ ಕಡೆ ಕೆಪಾಸಿಟೆನ್ಸ್ ಸ್ವಲ್ಪ ಬದಲಾಗುತ್ತದೆ. ಬದಲಾವಣೆ ಎಲ್ಲಿ ಹೆಚ್ಚು, ಅಕ್ಕಪಕ್ಕದಲ್ಲಿ ಎಷ್ಟು ಎಂದು ಹೋಲಿಸಿ ಚಿಪ್ ಬೆರಳಿನ ಸ್ಥಾನವನ್ನು ಲೆಕ್ಕ ಹಾಕುತ್ತದೆ.

ಈ ಬದಲಾವಣೆ ಎಷ್ಟು ಚಿಕ್ಕದು ಗೊತ್ತೆ? ನಿಮ್ಮ ಮನೆಯ ಸೀಲಿಂಗ್ ಫ್ಯಾನಿನ ಕೆಪಾಸಿಟರ್ ಸಾಮಾನ್ಯವಾಗಿ 2.5 ಮೈಕ್ರೊಫ್ಯಾರಡ್‌ನದು. ಬೆರಳು ತಾಗಿದಾಗ ಟಚ್‌ಪ್ಯಾಡ್‌ನ ಒಂದು ಸಂಧಿಯಲ್ಲಿ ಆಗುವ ಬದಲಾವಣೆ ಒಂದು ಪಿಕೊಫ್ಯಾರಡ್‌ಗಿಂತಲೂ ಕಡಿಮೆ. ಅಂದರೆ ಫ್ಯಾನಿನ ಕೆಪಾಸಿಟರಿನ 25 ಲಕ್ಷದಲ್ಲಿ ಒಂದು ಪಾಲಿಗಿಂತಲೂ ಸಣ್ಣದು. ಇಷ್ಟು ಮೆಲುದನಿಯ ಪಿಸುಮಾತನ್ನು ಕೇಳಿಸಿಕೊಳ್ಳುವ ಕಿವಿಗೆ ಪಕ್ಕದಲ್ಲಿ ಗದ್ದಲವಾದರೆ ತಪ್ಪು ಕೇಳಿಸುವುದು ಸಹಜ. ಟಚ್‌ಪ್ಯಾಡ್‌ನ ಅನೇಕ ತೊಂದರೆಗಳ ಮೂಲ ಇಲ್ಲಿದೆ.

ಇನ್ನೊಂದು ಸಂಗತಿ. ಲ್ಯಾಪ್‌ಟಾಪ್ ಶುರುವಾದಾಗ ಈ ಚಿಪ್ ‘ಬೆರಳು ಇಲ್ಲದಿದ್ದಾಗ ಹೇಗಿರುತ್ತದೆ’ ಎಂಬ ಅಳತೆಯನ್ನು ತೆಗೆದುಕೊಂಡು ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ಬರುವುದನ್ನೆಲ್ಲ ಇದರ ಜೊತೆ ಹೋಲಿಸುತ್ತದೆ. ಶುರುವಾಗುವ ಹೊತ್ತಿನಲ್ಲಿ ನಿಮ್ಮ ಅಂಗೈ ಅದರ ಮೇಲಿದ್ದರೆ ಅಥವಾ ಒಂದು ನೀರ ಹನಿ ಕೂತಿದ್ದರೆ ಮೂಲ ಅಳತೆಯೇ ತಪ್ಪಾಗುತ್ತದೆ. ತಕ್ಕಡಿಯ ಮೇಲೆ ಕಲ್ಲಿಟ್ಟು ಸೊನ್ನೆ ಮಾಡಿದ ಹಾಗೆ. ಹೀಗಾದಾಗ ಟಚ್‌ಪ್ಯಾಡ್ ಒರೆಸಿ, ಕೈ ತೆಗೆದು ರೀಸ್ಟಾರ್ಟ್ ಮಾಡಿದರೆ ಸಾಕು.

ಇದು ಎಲ್ಲಿಂದ ಬಂತು?

1990ರ ದಶಕದ ಆರಂಭದಲ್ಲಿ ಒಯ್ಯಬಹುದಾದ ಕಂಪ್ಯೂಟರುಗಳಲ್ಲಿ ಉರುಳುವ ಚೆಂಡು ಇರುತ್ತಿತ್ತು. ಅದರೊಳಗೆ ಧೂಳು, ಕೂದಲು ಸೇರಿ ಕೆಡುತ್ತಿತ್ತು. ಅಮೆರಿಕದ ಜಾರ್ಜ್ ಗರ್ಫೈಡ್ 1980ರ ದಶಕದ ಕೊನೆಯಲ್ಲಿ ಕೆಪಾಸಿಟೆನ್ಸ್ ಆಧರಿಸಿದ ಸ್ಪರ್ಶಫಲಕವನ್ನು ರೂಪಿಸಿದರು. 1994ರಲ್ಲಿ ಆ್ಯಪಲ್ ಕಂಪನಿಯ ಪವರ್‌ಬುಕ್ 500 ಸರಣಿಯಲ್ಲಿ ಚೆಂಡಿನ ಜಾಗಕ್ಕೆ ಟಚ್‌ಪ್ಯಾಡ್ ಬಂತು. ಟಚ್‌ಪ್ಯಾಡ್ ತಯಾರಿಕೆಯಲ್ಲಿ ಹೆಸರಾದ ಸಿನಾಪ್ಟಿಕ್ಸ್ ಕಂಪನಿಯನ್ನು 1986ರಲ್ಲಿ ಸ್ಥಾಪಿಸಿದವರು ಫೆಡೆರಿಕೊ ಫಜಿನ್ ಮತ್ತು ಕಾರ್ವರ್ ಮೀಡ್. 1971ರ ಇಂಟೆಲ್ 4004 ಮೈಕ್ರೊಪ್ರೊಸೆಸರ್ ವಿನ್ಯಾಸದ ಮುಂದಾಳು ಇದೇ ಫಜಿನ್. ಮಿದುಳಿನ ನರಜಾಲದಂತೆ ಕೆಲಸ ಮಾಡುವ ಚಿಪ್ ಮಾಡಲು ಹುಟ್ಟಿದ ಕಂಪನಿ ಕೊನೆಗೆ ಬೆರಳು ಗುರುತಿಸುವ ಫಲಕಗಳಿಂದ ಹೆಸರು ಮಾಡಿತು.

ಚಾರ್ಜರ್ ಹಾಕಿದಾಗ ಮಾತ್ರ ಕುಣಿಯುತ್ತದೆಯೇ?

ಕರ್ಸರ್ ತೊಂದರೆ ಕೊಟ್ಟಾಗ ಎಲ್ಲಕ್ಕಿಂತ ಮೊದಲು ಮಾಡಬೇಕಾದ ಪರೀಕ್ಷೆಗೆ ಅರ್ಧ ನಿಮಿಷ ಸಾಕು, ಖರ್ಚೂ ಇಲ್ಲ. ಚಾರ್ಜರನ್ನು ಕಿತ್ತು ಬ್ಯಾಟರಿಯ ಮೇಲೆ ಲ್ಯಾಪ್‌ಟಾಪ್ ನಡೆಸಿ. ಕರ್ಸರ್ ತಟ್ಟನೆ ಸರಿಯಾಯಿತೇ? ಹಾಗಿದ್ದರೆ ಟಚ್‌ಪ್ಯಾಡ್ ಕೆಟ್ಟಿಲ್ಲ, ವೈರಸ್ಸೂ ಇಲ್ಲ. ತೊಂದರೆ ಇರುವುದು ಚಾರ್ಜರಿನಲ್ಲಿ ಅಥವಾ ಗೋಡೆಯ ಪ್ಲಗ್ಗಿನ ಹಿಂದೆ.

ಲ್ಯಾಪ್‌ಟಾಪ್ ಚಾರ್ಜರ್ 230 ವೋಲ್ಟಿನ ಎ.ಸಿ. ವಿದ್ಯುತ್ತನ್ನು 20 ವೋಲ್ಟಿನ ಆಸುಪಾಸಿನ ಡಿ.ಸಿ.ಗೆ ಇಳಿಸುತ್ತದೆ. ಇದಕ್ಕಾಗಿ ಅದರೊಳಗಿನ ಸ್ವಿಚ್ ಒಂದು ಸೆಕೆಂಡಿಗೆ ಹತ್ತಾರು ಸಾವಿರ ಸಲ ಆನ್-ಆಫ್ ಆಗುತ್ತದೆ. ಈ ವೇಗದ ಆಟದಿಂದ ಹುಟ್ಟುವ ವಿದ್ಯುತ್ ಗದ್ದಲವನ್ನು ಹೊರಹಾಕಲು ಚಾರ್ಜರಿನಲ್ಲಿ ಪುಟ್ಟ ಫಿಲ್ಟರ್ ಕೆಪಾಸಿಟರುಗಳಿರುತ್ತವೆ. ಮೂರು ಪಿನ್ನಿನ ಚಾರ್ಜರುಗಳಲ್ಲಿ ಈ ಗದ್ದಲ ಹರಿದು ಹೋಗಬೇಕಾದ ದಾರಿಯೇ ಮೂರನೇ ಪಿನ್. ಪ್ಲಗ್ಗಿನಲ್ಲಿ ಮೇಲ್ಗಡೆ ಇರುವ, ಉಳಿದೆರಡಕ್ಕಿಂತ ಉದ್ದ ಮತ್ತು ದಪ್ಪನಾದ ಪಿನ್ ಅದು. ಅಲ್ಲಿಂದ ಅರ್ಥ್ ತಂತಿ, ತಂತಿಯಿಂದ ಮನೆಯ ಪಕ್ಕದ ಅರ್ಥಿಂಗ್ ಗುಂಡಿ, ಗುಂಡಿಯಿಂದ ಭೂಮಿ.

ಈ ದಾರಿ ಎಲ್ಲೋ ಕಡಿದುಹೋಗಿದ್ದರೆ? ಆಗ ಲ್ಯಾಪ್‌ಟಾಪ್‌ನ ಲೋಹದ ಮೈ ಗಾಳಿಯಲ್ಲಿ ತೇಲಿದಂತಾಗುತ್ತದೆ. ಫಿಲ್ಟರ್ ಕೆಪಾಸಿಟರುಗಳ ಮೂಲಕ ಅದರ ವೋಲ್ಟೇಜ್ ಮುಖ್ಯ ವೋಲ್ಟೇಜಿನ ಸುಮಾರು ಅರ್ಧಕ್ಕೆ, ಅಂದರೆ 115 ವೋಲ್ಟಿನ ಹತ್ತಿರಕ್ಕೆ ಏರಬಹುದು. ಗಾಬರಿ ಬೇಡ, ಇದರ ಹಿಂದಿರುವ ಕರೆಂಟು ತೀರಾ ಕಡಿಮೆ. ಸರಿಯಾದ ಚಾರ್ಜರಿನಲ್ಲಿ ಅದು ಕಾಲು ಮಿಲಿಆಂಪಿಯರ್‌ನ ಆಸುಪಾಸು ಅಥವಾ ಅದಕ್ಕಿಂತಲೂ ಕಡಿಮೆ. ಲ್ಯಾಪ್‌ಟಾಪ್ ಮೈಮೇಲೆ ಬೆರಳು ಸವರಿದಾಗ ‘ಜುಮ್’ ಎನ್ನುವುದು, ಟೆಸ್ಟರ್ ಇಟ್ಟರೆ ಮಂದವಾಗಿ ಬೆಳಗುವುದು ಇದರಿಂದಲೇ.

ನಾವು ಅರಿಯದ ಈ ಜುಮ್ಮನ್ನು ಟಚ್‌ಪ್ಯಾಡ್ ಚೆನ್ನಾಗಿ ಅರಿಯುತ್ತದೆ. ನಮ್ಮ ದೇಹ ನೆಲಕ್ಕೆ ಹತ್ತಿರ, ಲ್ಯಾಪ್‌ಟಾಪ್ ಮಾತ್ರ ಮೇಲೆ ಕೆಳಗೆ ಓಲಾಡುತ್ತಿದೆ. ಬೆರಳು ತಾಗಿದ ತಕ್ಷಣ ಚಾರ್ಜರಿನ ಗದ್ದಲಕ್ಕೆ ನಮ್ಮ ದೇಹವೇ ಸೇತುವೆಯಾಗುತ್ತದೆ. ಬೆರಳಿನ ಸಣ್ಣ ಸಂಕೇತ ಈ ಗದ್ದಲದಲ್ಲಿ ಮುಳುಗುತ್ತದೆ. ಒಂದು ಬೆರಳು ಎರಡಾಗಿ ಕಾಣುತ್ತದೆ, ಇಲ್ಲಿರುವುದು ಅಲ್ಲಿದ್ದಂತೆ ತೋರುತ್ತದೆ. ಕರ್ಸರ್ ಕುಣಿಯುತ್ತದೆ. ಅಗ್ಗದ ಚಾರ್ಜರ್ ಹಾಕಿದ ಮೊಬೈಲಿನ ಪರದೆ ತಾನಾಗಿಯೇ ಒತ್ತಿಕೊಳ್ಳುವುದಕ್ಕೂ ಕಾರಣ ಇದೇ.

ಎರೆಮಣ್ಣು, ಬೇಸಿಗೆ ಮತ್ತು ಅರ್ಥಿಂಗ್

ಈಗ ನಮ್ಮ ಭಾಗದ ಮಾತಿಗೆ ಬರೋಣ. ಕೃಷ್ಣಾ, ಘಟಪ್ರಭಾ ನದಿಗಳ ಈ ಸೀಮೆಯಲ್ಲಿ ಎರೆಮಣ್ಣಿನ ಹೊಲಗಳು ಧಾರಾಳ. ಮಳೆಗಾಲದಲ್ಲಿ ನೀರು ಹಿಡಿದು ಊದುವ ಈ ಮಣ್ಣು ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರಿಯುತ್ತದೆ. ಮಣ್ಣು ವಿದ್ಯುತ್ತನ್ನು ಹರಿಯಬಿಡುವುದು ಅದರಲ್ಲಿರುವ ತೇವ ಮತ್ತು ಲವಣದಿಂದ. ಒಣಗಿದಂತೆಲ್ಲ ಮಣ್ಣಿನ ರೋಧ ಏರುತ್ತದೆ. ಅಷ್ಟೇ ಅಲ್ಲ, ಮಣ್ಣು ಕುಗ್ಗಿದಾಗ ಅರ್ಥಿಂಗ್ ಕೊಳವೆಗೂ ಮಣ್ಣಿಗೂ ನಡುವೆ ಸಂದು ಬೀಳಬಹುದು. ಹಳೆಯ ಕಾಲದ ಎಲೆಕ್ಟ್ರಿಷಿಯನ್‌ಗಳು ಗುಂಡಿಗೆ ಇದ್ದಿಲು, ಉಪ್ಪು ತುಂಬಿ ‘ಬ್ಯಾಸಿಗ್ಯಾಗ ನೀರು ಹಾಕ್ರಿ’ ಎಂದು ಹೇಳುತ್ತಿದ್ದುದು ಸುಮ್ಮನೆ ಅಲ್ಲ.

ಮಳೆಗಾಲದಲ್ಲಿ ಸರಿಯಿದ್ದ ಟಚ್‌ಪ್ಯಾಡ್ ಏಪ್ರಿಲ್‌ನಲ್ಲಿ ಕಾಡತೊಡಗಿದರೆ ಅರ್ಥಿಂಗ್ ಮೇಲೂ ಒಂದು ಸಂಶಯವಿರಲಿ. ಇದಕ್ಕೆ ನಾವೇ ಮಾಡಿಕೊಳ್ಳುವ ಎಡವಟ್ಟುಗಳೂ ಸೇರುತ್ತವೆ. ಗೋಡೆಯಲ್ಲಿ ಎರಡು ರಂಧ್ರದ ಪ್ಲಗ್ ಮಾತ್ರ ಇದೆ ಎಂದು ಮೂರನೇ ಪಿನ್ನನ್ನು ಬಿಟ್ಟುಬಿಡುವ ಅಡಾಪ್ಟರ್ ಹಾಕುತ್ತೇವೆ. ಒಳಗೆ ಅರ್ಥ್ ತಂತಿಯೇ ಇಲ್ಲದ ಅಗ್ಗದ ಎಕ್ಸ್‌ಟೆನ್ಷನ್ ಬಾಕ್ಸ್ ತರುತ್ತೇವೆ. ಕೆಲವು ಕಡೆ ಪ್ಲಗ್ಗಿನಲ್ಲಿ ಮೂರು ರಂಧ್ರವಿದ್ದರೂ ಹಿಂದೆ ಎರಡೇ ತಂತಿ ಬಂದಿರುತ್ತವೆ.

ಕರೆಂಟ್ ಹೋದಾಗ ಇನ್ವರ್ಟರ್ ಮೇಲೆ ಮಾತ್ರ ತೊಂದರೆ ಬರುತ್ತದೆಯೇ? ಅಗ್ಗದ ಇನ್ವರ್ಟರುಗಳು ಕೊಡುವುದು ನುಣುಪಾದ ಅಲೆಯನ್ನಲ್ಲ, ಚೌಕಾಕಾರದ ಅಲೆಯನ್ನು. ಅದರಲ್ಲಿ ಗದ್ದಲ ಹೆಚ್ಚು. ‘ಪ್ಯೂರ್ ಸೈನ್ ವೇವ್’ ಎಂದು ಬರೆದಿರುವ ಇನ್ವರ್ಟರಿನಲ್ಲಿ ಈ ತೊಂದರೆ ಕಡಿಮೆ.

ಇದು ಟಚ್‌ಪ್ಯಾಡ್‌ಗಿಂತ ದೊಡ್ಡ ವಿಷಯ ಏಕೆ?

ಮನೆಯ ಎಲ್ಲ ಮೂರು ಪಿನ್ ಪ್ಲಗ್ಗುಗಳ ಅರ್ಥ್ ತಂತಿಗಳು ಸಾಮಾನ್ಯವಾಗಿ ಒಂದೇ ಕಡೆ ಕೂಡುತ್ತವೆ. ಆ ಕೂಡುತಂತಿ ಭೂಮಿಗೆ ಸೇರಿಲ್ಲ ಎಂದುಕೊಳ್ಳಿ. ಒಂದು ದಿನ ಗೀಜರ್, ಫ್ರಿಜ್ ಅಥವಾ ನೀರಿನ ಮೋಟರಿನಲ್ಲಿ ಫೇಸ್ ತಂತಿ ಸವೆದು ಲೋಹದ ಮೈಗೆ ತಾಗುತ್ತದೆ. ಸರಿಯಾದ ಅರ್ಥಿಂಗ್ ಇದ್ದಿದ್ದರೆ ಕರೆಂಟು ಭೂಮಿಗೆ ಹರಿದು ಫ್ಯೂಸ್ ಹೋಗುತ್ತಿತ್ತು ಅಥವಾ ಬ್ರೇಕರ್ ಬೀಳುತ್ತಿತ್ತು. ಅರ್ಥಿಂಗ್ ಇಲ್ಲದಿದ್ದರೆ ಆ 230 ವೋಲ್ಟ್ ಅದೇ ಕೂಡುತಂತಿಯ ಮೂಲಕ ಮನೆಯ ಉಳಿದ ಉಪಕರಣಗಳ ಲೋಹದ ಮೈಗೂ ಬರಬಹುದು. ಲ್ಯಾಪ್‌ಟಾಪ್ ಮೈಗೂ ಬರಬಹುದು. ಆಗ ಅದು ಕಾಲು ಮಿಲಿಆಂಪಿಯರಿನ ಜುಮ್ ಆಗಿ ಉಳಿಯುವುದಿಲ್ಲ. ಮನೆಗಳಿಗೆ ಹಾಕುವ ಆರ್‌ಸಿಸಿಬಿ ಎಂಬ ರಕ್ಷಕ ಸಾಧನ ಸಾಮಾನ್ಯವಾಗಿ 30 ಮಿಲಿಆಂಪಿಯರ್ ಸೋರಿಕೆಗೆ ವಿದ್ಯುತ್ತನ್ನು ಕಡಿಯುವಂತೆ ಮಾಡಿರುವುದು, ಅದಕ್ಕಿಂತ ಮೇಲೆ ಜೀವಕ್ಕೆ ಅಪಾಯ ಎಂಬ ಕಾರಣಕ್ಕೆ.

ಹಾಗಾಗಿ ಮೂರು ಪಿನ್ನಿನ ಚಾರ್ಜರನ್ನು ಮೂರು ರಂಧ್ರದ ಪ್ಲಗ್ಗಿಗೆ ನೇರವಾಗಿ ಹಾಕಿದರೂ ಲ್ಯಾಪ್‌ಟಾಪ್ ಜುಮ್ ಎನ್ನುತ್ತಿದ್ದರೆ, ಕರ್ಸರ್ ಕುಣಿಯುತ್ತಿದ್ದರೆ ಒಬ್ಬ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಅಳತೆ ಮಾಡಿಸಿ. ಆರ್‌ಸಿಸಿಬಿ ಇಲ್ಲದಿದ್ದರೆ ಹಾಕಿಸಿ. ನೀವೇ ಪ್ಲಗ್ ಬಿಚ್ಚಿ ಪರೀಕ್ಷಿಸಲು ಹೋಗಬೇಡಿ. ‘ಅರ್ಥ್ ಇಲ್ಲ ಅಂದ್ರ ನ್ಯೂಟ್ರಲ್‌ಗೆ ಜೋಡಿಸಿಬಿಡೋಣು’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನ್ಯೂಟ್ರಲ್ ತಂತಿ ಎಲ್ಲಾದರೂ ಕಡಿದರೆ ಉಪಕರಣಗಳ ಲೋಹದ ಮೈಗೆ ನೇರವಾಗಿ ಫೇಸ್ ಬರುತ್ತದೆ.

ಒಂದು ಸ್ಪಷ್ಟನೆ. ಕೆಲವು ಲ್ಯಾಪ್‌ಟಾಪುಗಳ ಚಾರ್ಜರ್ ಹುಟ್ಟಿನಿಂದಲೇ ಎರಡು ಪಿನ್ನಿನದು. ಅವುಗಳಲ್ಲಿ ಸ್ವಲ್ಪ ಜುಮ್ ಎನ್ನುವುದು ಅರ್ಥಿಂಗ್ ಚೆನ್ನಾಗಿದ್ದರೂ ಇರುತ್ತದೆ. ಅಲ್ಲಿ ಕರ್ಸರ್ ಕುಣಿದರೆ ಮೊದಲು ಅದೇ ಕಂಪನಿಯ ಮೂಲ ಚಾರ್ಜರ್ ಹಾಕಿ ನೋಡಿ.

ಟಚ್‌ಪ್ಯಾಡ್ ಉಬ್ಬಿದೆಯೇ? ಒತ್ತಬೇಡಿ

ಎರಡನೆಯ ಅಪಾಯ ಇನ್ನೂ ಹತ್ತಿರದ್ದು. ಈಗಿನ ತೆಳು ಲ್ಯಾಪ್‌ಟಾಪುಗಳಲ್ಲಿ ಬ್ಯಾಟರಿ ಇರುವುದು ಬಹುತೇಕ ಅಂಗೈ ಇಡುವ ಜಾಗದ ಮತ್ತು ಟಚ್‌ಪ್ಯಾಡ್‌ನ ಕೆಳಗೆ. ಲಿಥಿಯಂ ಬ್ಯಾಟರಿಯ ಕೋಶಗಳು ತೆಳುವಾದ ಅಲ್ಯೂಮಿನಿಯಂ ಪದರದ ಚೀಲದಲ್ಲಿರುತ್ತವೆ. ಒಳಗಿನ ದ್ರವ ಕಾಲಕ್ರಮೇಣ ಒಡೆದು ಅನಿಲವಾಗುತ್ತದೆ. ಚೀಲ ಮುಚ್ಚಿರುವುದರಿಂದ ಅದು ಹಪ್ಪಳದಂತೆ ಊದುತ್ತದೆ. ಊದಿದ ಬ್ಯಾಟರಿ ಮೊದಲು ತಳ್ಳುವುದೇ ಟಚ್‌ಪ್ಯಾಡನ್ನು.

ಊದುವಿಕೆಯನ್ನು ವೇಗಗೊಳಿಸುವವು ಮುಖ್ಯವಾಗಿ ಎರಡು: ಶಾಖ, ಮತ್ತು ಸದಾ ಪೂರ್ತಿ ಚಾರ್ಜ್ ಆಗಿರುವುದು. ನಮ್ಮಲ್ಲಿ ಎರಡೂ ಇವೆ. ಬೇಸಿಗೆಯಲ್ಲಿ ಪಾರಾ 40 ಡಿಗ್ರಿಯ ಆಸುಪಾಸಿಗೆ ಹೋಗುತ್ತದೆ. ಕಚೇರಿ, ಅಂಗಡಿಗಳಲ್ಲಿ ಲ್ಯಾಪ್‌ಟಾಪ್ ಮೇಜಿನ ಮೇಲೆ ವರ್ಷಗಟ್ಟಲೆ ಚಾರ್ಜರಿಗೆ ಅಂಟಿಕೊಂಡೇ ಇರುತ್ತದೆ, ಕಂಪ್ಯೂಟರಿನಂತೆ. ಬ್ಯಾಟರಿ ಯಾವಾಗಲೂ ನೂರಕ್ಕೆ ನೂರು. ಹೊಟ್ಟೆ ತುಂಬ ಉಣ್ಣಿಸಿ ಬಿಸಿಲಲ್ಲಿ ಕೂರಿಸಿದಂತೆ.

ಈ ಗುರುತುಗಳನ್ನು ನೋಡಿ:

• ಟಚ್‌ಪ್ಯಾಡ್ ಒಂದು ಬದಿ ಎದ್ದಿದೆ, ಅಥವಾ ಅದರ ಅಂಚಿನಲ್ಲಿ ಸಂದು ಕಾಣುತ್ತದೆ.
• ಒತ್ತಿದರೆ ‘ಟಿಕ್’ ಎನ್ನುವುದಿಲ್ಲ, ಅಥವಾ ಒತ್ತಿದ್ದು ಒತ್ತಿಕೊಂಡೇ ಇರುತ್ತದೆ.
• ಸಮತಟ್ಟಾದ ಮೇಜಿನ ಮೇಲೆ ಇಟ್ಟರೆ ಲ್ಯಾಪ್‌ಟಾಪ್ ಅಲ್ಲಾಡುತ್ತದೆ.
• ಮುಚ್ಚಿದಾಗ ಪರದೆ ಪೂರ್ತಿ ಕೂರುವುದಿಲ್ಲ.

ಇವುಗಳಲ್ಲಿ ಒಂದು ಕಂಡರೂ ತಕ್ಷಣ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆಯಿರಿ. ಮತ್ತೆ ಚಾರ್ಜ್ ಮಾಡಬೇಡಿ. ಉಬ್ಬಿದ ಭಾಗವನ್ನು ಕೈಯಿಂದ ಅದುಮಿ ಕೂರಿಸಲು ಹೋಗಬೇಡಿ. ಸೂಜಿಯಿಂದ ಚುಚ್ಚಿ ಗಾಳಿ ಬಿಡುವ ಸಾಹಸವಂತೂ ಬೇಡವೇ ಬೇಡ. ಒಳಗಿನ ಪದರಗಳು ಒಂದಕ್ಕೊಂದು ತಾಗಿದರೆ ಕ್ಷಣಾರ್ಧದಲ್ಲಿ ಬೆಂಕಿ ಹೊತ್ತಿಕೊಳ್ಳಬಹುದು, ವಿಷಕಾರಿ ಹೊಗೆ ಬರಬಹುದು. ಬಟ್ಟೆ, ಕಾಗದ, ನೂಲಿನ ಗಂಟುಗಳಿಂದ ದೂರ, ಫರಸಿ ಅಥವಾ ಸಿಮೆಂಟ್ ನೆಲದ ಮೇಲೆ, ನೆರಳಿನಲ್ಲಿ ಇಡಿ. ನೂಲು, ಸೀರೆಗಳ ನಡುವೆ ಕೆಲಸ ಮಾಡುವವರಿಗೆ ಈ ಮಾತು ಇನ್ನಷ್ಟು ಮುಖ್ಯ. ಆಮೇಲೆ ಸರ್ವಿಸ್ ಕೇಂದ್ರಕ್ಕೆ ಒಯ್ದು ಬ್ಯಾಟರಿ ಬದಲಿಸಿ. ಹಳೆಯದನ್ನು ತಿಪ್ಪೆಗೆ ಎಸೆಯಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಗಳ ಸಂಗ್ರಹದ ಹೊಣೆ ತಯಾರಕರ ಮೇಲಿದೆ. ಹೊಸದು ಹಾಕಿಸುವಾಗ ಹಳೆಯದನ್ನು ವಾಪಸ್ ತೆಗೆದುಕೊಳ್ಳಲು ಕೇಳಿ.

ಬ್ಯಾಟರಿ ಊದದಂತೆ ನೋಡಿಕೊಳ್ಳಲು ಕಚೇರಿ ಬಳಕೆಯ ಲ್ಯಾಪ್‌ಟಾಪುಗಳಲ್ಲಿ ಒಂದು ಅನುಕೂಲವಿದೆ. ಲೆನೊವೊ, ಡೆಲ್, ಎಚ್‌ಪಿ ಕಂಪನಿಗಳ ಇಂಥ ಅನೇಕ ಮಾದರಿಗಳಲ್ಲಿ ಚಾರ್ಜನ್ನು ಶೇ 80ರ ಸುಮಾರಿಗೆ ನಿಲ್ಲಿಸುವ ಸೆಟ್ಟಿಂಗ್ ಇರುತ್ತದೆ. ಕಂಪನಿಯ ಆ್ಯಪ್‌ನಲ್ಲಿ ಅಥವಾ ಬಯಾಸ್‌ನಲ್ಲಿ ಅದನ್ನು ಆನ್ ಮಾಡಬಹುದು. ದಿನವಿಡೀ ಚಾರ್ಜರಿಗೆ ಹಾಕಿಯೇ ಬಳಸುವವರು ಇದನ್ನು ಇಂದೇ ಮಾಡಿ.

ಬೆವರು, ಬೆಲ್ಲ, ನೂಲಿನ ಧೂಳು

ಚಾರ್ಜರ್ ತೆಗೆದರೂ ತೊಂದರೆ ಇದೆ, ಬ್ಯಾಟರಿ ಉಬ್ಬಿಲ್ಲ. ಹಾಗಾದರೆ ಮುಂದೆ ನೋಡಬೇಕಾದದ್ದು ಬೆರಳು ಮತ್ತು ಮೇಲ್ಮೈ.

ಬೆವರಿನಲ್ಲಿ ನೀರು, ಉಪ್ಪು ಎರಡೂ ಇವೆ. ಟಚ್‌ಪ್ಯಾಡ್ ಮೇಲೆ ಉಳಿದ ಬೆವರಿನ ತೇವ ಚಿಪ್ಪಿಗೆ ಇನ್ನೊಂದು ಬೆರಳಿನಂತೆ ಕಾಣುತ್ತದೆ. ಕರ್ಸರ್ ಎರಡರ ನಡುವೆ ಜಿಗಿಯುತ್ತದೆ. ಸಕ್ಕರೆ, ಬೆಲ್ಲದ ಅಂಟು ಗಾಳಿಯ ತೇವವನ್ನು ಎಳೆದುಕೊಂಡು ಇದೇ ಕೆಲಸ ಮಾಡುತ್ತದೆ. ಕೈಗೆ ಹಚ್ಚಿದ ಎಣ್ಣೆ, ಲೋಷನ್ ಪದರ ಕಟ್ಟುತ್ತವೆ.

ಇದಕ್ಕೆ ವಿರುದ್ಧದ ತೊಂದರೆಯೂ ಉಂಟು. ದುಡಿದು ಜಡ್ಡುಗಟ್ಟಿದ ಬೆರಳ ತುದಿಯಲ್ಲಿ ಒಣ ಚರ್ಮದ ಪದರ ದಪ್ಪವಾಗಿರುತ್ತದೆ. ಅದು ವಿದ್ಯುತ್ ವಾಹಕವಲ್ಲ. ಒಳಗಿನ ಜೀವಂತ ಚರ್ಮ ಟಚ್‌ಪ್ಯಾಡ್‌ನಿಂದ ಅಷ್ಟು ದೂರ ಉಳಿಯುವುದರಿಂದ ಸಂಕೇತ ದುರ್ಬಲವಾಗುತ್ತದೆ. ನೇಕಾರರು, ರೈತರು, ಮೆಕ್ಯಾನಿಕ್‌ಗಳು ‘ನಮ್ಮ ಬೆರಳು ಇದಕ್ಕ ಹತ್ತೂದಿಲ್ಲ’ ಎನ್ನುವುದು ಉತ್ಪ್ರೇಕ್ಷೆಯಲ್ಲ. ಅವರು ಬೆರಳ ತುದಿಯ ಬದಲು ಬೆರಳಿನ ಮೆತ್ತನೆಯ ಭಾಗ ಬಳಸಬೇಕು, ಟಚ್‌ಪ್ಯಾಡ್ ಸೆಟ್ಟಿಂಗ್‌ನಲ್ಲಿ ಸೂಕ್ಷ್ಮತೆಯನ್ನು ಅತಿ ಹೆಚ್ಚಿಗೆ ಇಡಬೇಕು.

ಮಗ್ಗದ ಮನೆಗಳಲ್ಲಿ ಹಾರುವ ಹತ್ತಿಯ ಎಳೆ ನೇರವಾಗಿ ಟಚ್‌ಪ್ಯಾಡನ್ನು ಕೆಡಿಸುವುದಿಲ್ಲ. ಆದರೆ ಫ್ಯಾನಿನ ಜಾಲರಿಗೆ ಅದು ಕಂಬಳಿಯಂತೆ ಕೂತರೆ ಒಳಗಿನ ಶಾಖ ಏರುತ್ತದೆ, ಶಾಖದಿಂದ ಬ್ಯಾಟರಿ ಊದುತ್ತದೆ. ಅಲ್ಲಿ ಕೆಲಸ ಮಾಡುವವರು ಆಗಾಗ ಫ್ಯಾನ್ ಸ್ವಚ್ಛ ಮಾಡಿಸುವುದು ಒಳ್ಳೆಯದು.

ಸ್ವಚ್ಛ ಮಾಡುವ ವಿಧಾನ ಸರಳ. ಲ್ಯಾಪ್‌ಟಾಪ್ ಆಫ್ ಮಾಡಿ, ಚಾರ್ಜರ್ ತೆಗೆದು, ಮೆತ್ತನೆಯ ಬಟ್ಟೆಯನ್ನು ತುಸುವೇ ಒದ್ದೆ ಮಾಡಿ ಒರೆಸಿ. ಜಿಡ್ಡಿದ್ದರೆ ಬಟ್ಟೆಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ. ನೇರವಾಗಿ ಟಚ್‌ಪ್ಯಾಡ್ ಮೇಲೆ ಏನನ್ನೂ ಸಿಂಪಡಿಸಬೇಡಿ. ಪೂರ್ತಿ ಒಣಗಿದ ಮೇಲೆ ಆನ್ ಮಾಡಿ.

ಕೆಂಪು ಗುಂಡಿಯ ಕಿತಾಪತಿ

ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್‌ನಂಥ ಲ್ಯಾಪ್‌ಟಾಪುಗಳು ಕಡಿಮೆ ಬೆಲೆಗೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರುತ್ತವೆ. ಇವುಗಳಲ್ಲಿ ಹಲವಕ್ಕೆ ಕೀಬೋರ್ಡಿನ ನಡುವೆ ಒಂದು ಪುಟ್ಟ ರಬ್ಬರ್ ಗುಂಡಿ ಇರುತ್ತದೆ. 1992ರಲ್ಲಿ ಐಬಿಎಂ ತನ್ನ ಥಿಂಕ್‌ಪ್ಯಾಡ್ 700ಸಿ ಮಾದರಿಯಲ್ಲಿ ಇದನ್ನು ತಂದಿತು. ಟಚ್‌ಪ್ಯಾಡ್‌ಗೆ ವಿರುದ್ಧವಾಗಿ ಇದು ಒತ್ತಡವನ್ನೇ ಅಳೆಯುತ್ತದೆ. ಬೆರಳು ತೆಗೆದ ಮೇಲೂ ಅಳತೆ ಸೊನ್ನೆಗೆ ಮರಳದಿದ್ದರೆ ಕರ್ಸರ್ ಒಂದೇ ದಿಕ್ಕಿಗೆ ನಿಧಾನವಾಗಿ ತೇಲುತ್ತದೆ.

ಕರ್ಸರ್ ಕುಣಿಯದೆ, ಜಿಗಿಯದೆ, ಒಂದೇ ಕಡೆಗೆ ಜಾರುತ್ತಿದ್ದರೆ ತಪ್ಪು ಈ ಗುಂಡಿಯದಿರಬಹುದು. ಎಲ್ಲದರಿಂದ ಕೈ ತೆಗೆದು ಕೆಲವು ಸೆಕೆಂಡು ಸುಮ್ಮನಿರಿ, ಅದು ತಾನೇ ಸೊನ್ನೆ ಸರಿಪಡಿಸಿಕೊಳ್ಳುತ್ತದೆ. ಮತ್ತೆ ಮತ್ತೆ ಹಾಗಾದರೆ ಸೆಟ್ಟಿಂಗ್‌ನಲ್ಲಿ ಗುಂಡಿಯನ್ನೇ ಆಫ್ ಮಾಡಬಹುದು. ಇದು ಗೊತ್ತಿಲ್ಲದೆ ಚೆನ್ನಾಗಿರುವ ಟಚ್‌ಪ್ಯಾಡನ್ನು ಬದಲಿಸಿದರೆ ಹಣವೂ ಹೋಗುತ್ತದೆ, ಕಾಟವೂ ಉಳಿಯುತ್ತದೆ.

ಟಚ್‌ಪ್ಯಾಡ್ ಸತ್ತೇ ಹೋಗಿದೆಯೇ?

ಕರ್ಸರ್ ಕದಲುವುದೇ ಇಲ್ಲ ಎಂದಾದರೆ ಈ ಕ್ರಮದಲ್ಲಿ ನೋಡಿ.

1. ಟಚ್‌ಪ್ಯಾಡ್ ಆಫ್ ಮಾಡುವ ಕೀ ಅಕಸ್ಮಾತ್ ಒತ್ತಿರಬಹುದು. ಮೇಲಿನ ಸಾಲಿನ ಕೀಗಳಲ್ಲಿ ಟಚ್‌ಪ್ಯಾಡ್ ಚಿತ್ರವಿರುವುದನ್ನು ಎಫ್ಎನ್ ಕೀ ಜೊತೆ ಒತ್ತಿ. ಕೆಲವು ಹಳೆಯ ಎಚ್‌ಪಿ ಮಾದರಿಗಳಲ್ಲಿ ಟಚ್‌ಪ್ಯಾಡ್‌ನ ಎಡ ಮೇಲ್ಮೂಲೆಯಲ್ಲಿ ಎರಡು ಸಲ ತಟ್ಟಿದರೆ ಆಫ್, ಮತ್ತೆ ತಟ್ಟಿದರೆ ಆನ್.

2. ಮೌಸ್ ಜೋಡಿಸಿದಾಗ ಟಚ್‌ಪ್ಯಾಡ್ ಆಫ್ ಆಗುವ ಸೆಟ್ಟಿಂಗ್ ಇರುತ್ತದೆ. ವೈರ್‌ಲೆಸ್ ಮೌಸಿನ ಪುಟ್ಟ ಕಡ್ಡಿ ಹಿಂದೆ ಸಿಕ್ಕಿಕೊಂಡೇ ಇದೆಯೇ ನೋಡಿ.

3. ಶಟ್‌ಡೌನ್ ಬದಲು ರೀಸ್ಟಾರ್ಟ್ ಮಾಡಿ. ವಿಂಡೋಸ್‌ನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ವ್ಯವಸ್ಥೆಯ ಒಂದು ಭಾಗ ಡಿಸ್ಕಿನಲ್ಲಿ ಉಳಿದು, ಮುಂದಿನ ಸಲ ಹಾಗೇ ಮೇಲೆದ್ದು ಬರುತ್ತದೆ. ತೊಂದರೆಯೂ ಜೊತೆಗೇ ಬರಬಹುದು. ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಹೊಸದಾಗಿ ಶುರುಮಾಡುತ್ತದೆ.

4. ಲ್ಯಾಪ್‌ಟಾಪ್ ಆಫ್ ಮಾಡಿ, ಚಾರ್ಜರ್ ತೆಗೆದು, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿದು ಬಿಡಿ. ಒಳಗೆ ಉಳಿದ ವಿದ್ಯುತ್ ಖಾಲಿಯಾಗಿ ಕೆಲವು ಸಲ ಟಚ್‌ಪ್ಯಾಡ್ ಚಿಪ್ ಮತ್ತೆ ಎಚ್ಚರಗೊಳ್ಳುತ್ತದೆ.

5. ಬಯಾಸ್ ಪರದೆಗೆ ಹೋಗಿ ನೋಡಿ. ಹೊಸ ಮಾದರಿಗಳಲ್ಲಿ ಅಲ್ಲೂ ಕರ್ಸರ್ ಇರುತ್ತದೆ. ಅಲ್ಲಿ ಓಡಾಡಿದರೆ ಟಚ್‌ಪ್ಯಾಡ್ ಗಟ್ಟಿಯಿದೆ, ತೊಂದರೆ ವಿಂಡೋಸ್ ಅಥವಾ ಡ್ರೈವರಿನದು. ಲ್ಯಾಪ್‌ಟಾಪ್ ಕಂಪನಿಯ ಜಾಲತಾಣದಿಂದ ನಿಮ್ಮ ಮಾದರಿಯ ಡ್ರೈವರನ್ನೇ ಹಾಕಿ. ‘ಡ್ರೈವರ್ ಅಪ್‌ಡೇಟರ್’ ಎಂದು ಹುಡುಕಿದಾಗ ಸಿಗುವ ಅಪರಿಚಿತ ತಂತ್ರಾಂಶಗಳು ಬೇಡ.

ಮಿಥ್ಯೆ ಮತ್ತು ಸತ್ಯ

ಮಿಥ್ಯೆ: ಜೋರಾಗಿ ಒತ್ತಿದರೆ ಚೆನ್ನಾಗಿ ಕೆಲಸ ಮಾಡುತ್ತದೆ.
ಸತ್ಯ: ಒತ್ತಿದಷ್ಟೂ ಬೆರಳು ಅಗಲವಾಗುತ್ತದೆ. ಅದನ್ನು ಅಂಗೈ ಎಂದು ತಿಳಿದು ಟಚ್‌ಪ್ಯಾಡ್ ಕಡೆಗಣಿಸಲೂಬಹುದು.

ಮಿಥ್ಯೆ: ಟಾಲ್ಕಂ ಪೌಡರ್, ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಸರಿಹೋಗುತ್ತದೆ.
ಸತ್ಯ: ಪೌಡರ್ ಅಂಚಿನ ಸಂದಿಯಲ್ಲಿ ಇಳಿದು ಕ್ಲಿಕ್ ಕೆಡಿಸುತ್ತದೆ. ಟೂತ್‌ಪೇಸ್ಟಿನಲ್ಲಿ ಉಜ್ಜುವ ಕಣಗಳಿವೆ, ಮೇಲ್ಮೈ ಗೀಚುತ್ತದೆ.

ಮಿಥ್ಯೆ: ಕರ್ಸರ್ ತಾನಾಗಿ ಓಡಿದರೆ ವೈರಸ್.
ಸತ್ಯ: ಅಡ್ಡಾದಿಡ್ಡಿ ಕುಣಿತ ಬಹುತೇಕ ವಿದ್ಯುತ್ ಗದ್ದಲ ಅಥವಾ ತೇವದ್ದು. ಆದರೆ ಕರ್ಸರ್ ಉದ್ದೇಶವಿಟ್ಟುಕೊಂಡು ನಡೆದರೆ, ಅಂದರೆ ಫೈಲ್ ತೆರೆಯುವುದು, ಬ್ಯಾಂಕ್ ಪುಟಕ್ಕೆ ಹೋಗುವುದು, ಅಕ್ಷರ ಟೈಪ್ ಆಗುವುದು ಕಂಡರೆ, ಯಾರೋ ದೂರದಿಂದ ನಿಮ್ಮ ಲ್ಯಾಪ್‌ಟಾಪ್ ನಡೆಸುತ್ತಿರಬಹುದು. ‘ಕಸ್ಟಮರ್ ಕೇರ್’ ಎಂದು ಫೋನ್ ಮಾಡಿದವರ ಮಾತು ಕೇಳಿ ಪರದೆ ಹಂಚುವ ಆ್ಯಪ್ ಹಾಕಿಕೊಂಡವರಿಗೆ ಹೀಗಾಗುತ್ತದೆ. ಕೂಡಲೇ ಇಂಟರ್ನೆಟ್ ಕಡಿದು ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಮಿಥ್ಯೆ: ಟೆಸ್ಟರ್ ಬೆಳಗಿತು ಎಂದರೆ ಲ್ಯಾಪ್‌ಟಾಪ್ ಷಾರ್ಟ್ ಆಗಿದೆ.
ಸತ್ಯ: ಟೆಸ್ಟರ್ ಅತ್ಯಲ್ಪ ಕರೆಂಟಿಗೂ ಬೆಳಗುತ್ತದೆ. ಅದು ಹೇಳುವುದು ‘ಅರ್ಥಿಂಗ್ ನೋಡಿಸು’ ಎಂದು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಒಂದು ಮಾತು

ಅಂಗಡಿಯಲ್ಲಿ ಪರದೆ, ಪ್ರೊಸೆಸರ್ ನೋಡಿದಷ್ಟೇ ಶ್ರದ್ಧೆಯಿಂದ ಟಚ್‌ಪ್ಯಾಡನ್ನೂ ನೋಡಿ. ನಾಲ್ಕೂ ಮೂಲೆಗಳಲ್ಲಿ ಬೆರಳಾಡಿಸಿ. ಚಾರ್ಜರ್ ಹಾಕಿ ಒಮ್ಮೆ, ತೆಗೆದು ಒಮ್ಮೆ ಪರೀಕ್ಷಿಸಿ. ಸಮತಟ್ಟಾದ ಗಾಜಿನ ಮೇಲಿಟ್ಟು ಅಲ್ಲಾಡುತ್ತದೆಯೇ ನೋಡಿ. ಜೊತೆಗೆ ಕೊಡುವ ಚಾರ್ಜರ್ ಮೂಲ ಕಂಪನಿಯದೇ, ಅದರ ಮೂರನೇ ಪಿನ್ ಇದೆಯೇ, ಬ್ಯಾಟರಿ ಬದಲಿಸಿದ್ದಾರೆಯೇ ಎಂದು ಕೇಳಿ. ಇದಕ್ಕೆಲ್ಲ ಹತ್ತು ನಿಮಿಷ ಸಾಕು.

ನೆನಪಿಡಬೇಕಾದದ್ದು ಇಷ್ಟೇ. ಕರ್ಸರ್ ಕುಣಿದರೆ ಮೊದಲು ಚಾರ್ಜರ್ ತೆಗೆದು ನೋಡಿ. ಆಮೇಲೆ ಟಚ್‌ಪ್ಯಾಡ್ ಉಬ್ಬಿದೆಯೇ ಎಂದು ಪಕ್ಕದಿಂದ ಬಗ್ಗಿ ನೋಡಿ. ಇವೆರಡೂ ಸರಿಯಿದ್ದರೆ ಉಳಿದದ್ದು ಒರೆಸುವ, ರೀಸ್ಟಾರ್ಟ್ ಮಾಡುವ, ಸೆಟ್ಟಿಂಗ್ ಬದಲಿಸುವ ಕೆಲಸ, ನಿಧಾನವಾಗಿ ಮಾಡಬಹುದು. ಆದರೆ ಈ ಎರಡರಲ್ಲಿ ಒಂದು ಕೆಟ್ಟಿದ್ದರೂ ಮೌಸ್ ಹಾಕಿಕೊಂಡು ಮರೆತುಬಿಡಬೇಡಿ. ಮೌಸ್ ಹಾಕಿದರೆ ಕರ್ಸರ್ ಸುಮ್ಮನಾಗುತ್ತದೆ. ಒಣಗಿದ ಅರ್ಥಿಂಗ್ ಗುಂಡಿ, ಊದಿದ ಬ್ಯಾಟರಿ ಇದ್ದಲ್ಲೇ ಇರುತ್ತವೆ.